ಕ್ಲಚ್ ಸದ್ದು ಯಾವಾಗ ಬರುತ್ತದೆ? ಹಳೇ ಡೀಸೆಲ್ ಜೀಪಿನ ರೋಗ ಹಿಡಿಯುವ ಬಗೆ

ತೊಗರಿ ರಾಶಿ ಮುಗಿದ ಹೊಸತು. ಜೇವರ್ಗಿ ಕಡೆಯ ಹೊಲದಿಂದ ಕಲಬುರಗಿಗೆ ಬರುತ್ತಿದ್ದೆವು. ಜೀಪಿನ ಹಿಂದೆ ಎಂಟು ಚೀಲ ತೊಗರಿ, ಸ್ಟೇರಿಂಗ್ ಅಪ್ಪನ ಕೈಯಲ್ಲಿ. ಸಣ್ಣ ಏರು ಬಂತು. ಅಪ್ಪ ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಗೋಳೋ ಅಂತ ಕೂಗಿತು, ಸ್ಪೀಡೋಮೀಟರ್ ಮುಳ್ಳು ಮಾತ್ರ 40ರ ಮೇಲೆ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. "ಕ್ಲಚ್ ಪ್ಲೇಟ್ ಹೋತು" ಅಂದರು ಅಪ್ಪ.

ಮರುದಿನ ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿಸಿದೆವು. ಎರಡೇ ತಿಂಗಳು. ಅದೇ ಏರಿನಲ್ಲಿ ಮತ್ತೆ ಅದೇ ಕೂಗು.

ಎರಡನೇ ಸಲ ಗಾಡಿ ನೋಡಿದ್ದು ಬೇರೆಯವರು. ನಾವೆಲ್ಲ ಚಾಚಾ ಅಂತ ಕರೆಯುವ ಹಿರಿಯ ಮಿಸ್ತ್ರಿ. ಅವರು ಪಾನಾ ಮುಟ್ಟಲೇ ಇಲ್ಲ. ಗಾಡಿ ಚಾಲೂ ಮಾಡಿಸಿದರು, ಕ್ಲಚ್ ಒತ್ತಿಸಿದರು, ಬಿಡಿಸಿದರು, ಕಣ್ಣು ಮುಚ್ಚಿ ಕೇಳುತ್ತಾ ನಿಂತರು. ಆಮೇಲೆ ಅಂದರು: "ಸೌಂಡ್ ಹ್ಯಾಂಗದ ಅಂತ ಕೇಳಬ್ಯಾಡ್ರಿ. ಯಾವಾಗ ಬರ್ತದ, ಯಾವಾಗ ನಿಲ್ತದ, ಅದು ನೋಡ್ರಿ."

ಈ ಲೇಖನದ ತಿರುಳು ಆ ಮಾತೇ. ಕರ್ ಅನ್ನುತ್ತಾ, ಗುರ್ ಅನ್ನುತ್ತಾ ಅಂತ ಸದ್ದಿಗೆ ಹೆಸರು ಇಡುತ್ತಾ ಕೂತರೆ ಎಲ್ಲೂ ಮುಟ್ಟುವುದಿಲ್ಲ. ಒಂದೇ ಬೇರಿಂಗ್ ಇವತ್ತು ಒಂದು ಥರ ಕೂಗುತ್ತದೆ, ನಾಳೆ ಇನ್ನೊಂದು ಥರ. ಆದರೆ ಅದು ಯಾವಾಗ ತಿರುಗುತ್ತದೆ, ಯಾವಾಗ ಸುಮ್ಮನಿರುತ್ತದೆ ಅನ್ನೋದು ಬದಲಾಗುವುದಿಲ್ಲ. ಕ್ಲಚ್ ಒಳಗಿನ ಯಾವ ಭಾಗ ಯಾವಾಗ ತಿರುಗುತ್ತದೆ ಅಂತ ಗೊತ್ತಿದ್ದರೆ, ಕೂತಲ್ಲೇ ಕಾಲಿನಿಂದಲೇ ಅರ್ಧ ರೋಗ ಹಿಡಿಯಬಹುದು.

ಒಳಗೆ ಇರೋದೇನು

ಇಂಜಿನ್ನಿನ ಹಿಂಭಾಗದಲ್ಲಿ ಫ್ಲೈವೀಲ್ ಅನ್ನುವ ಭಾರವಾದ ಕಬ್ಬಿಣದ ಚಕ್ರ ಇದೆ. ಇಂಜಿನ್ ತಿರುಗಿದಷ್ಟು ಹೊತ್ತು ಅದೂ ತಿರುಗುತ್ತದೆ. ಅದಕ್ಕೆ ಅಂಟಿಕೊಂಡು ಕ್ಲಚ್ ಪ್ಲೇಟ್. ಅದರ ಎರಡೂ ಮುಖಕ್ಕೆ ಬ್ರೇಕ್ ಲೈನಿಂಗ್ ಥರದ್ದೇ ಪದರ ಇರುತ್ತದೆ, ನಡುವೆ ನಾಲ್ಕಾರು ಸ್ಪ್ರಿಂಗ್. ಪ್ಲೇಟಿನ ಹಿಂದೆ ಪ್ರೆಶರ್ ಪ್ಲೇಟ್. ಇದು ತನ್ನ ಸ್ಪ್ರಿಂಗ್ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಗಟ್ಟಿಯಾಗಿ ಒತ್ತಿ ಹಿಡಿದಿರುತ್ತದೆ. ಎರಡು ರೊಟ್ಟಿ ಕಲ್ಲಿನ ನಡುವೆ ಒಂದು ರೊಟ್ಟಿ ಸಿಕ್ಕಿಸಿ ಒತ್ತಿದ ಹಾಗೆ. ಕಲ್ಲು ತಿರುಗಿದರೆ ರೊಟ್ಟಿಯೂ ತಿರುಗಬೇಕು. ಆ ರೊಟ್ಟಿಯ ನಡುವಿನಿಂದ ಹೊರಟ ಶಾಫ್ಟ್ ಗೇರ್‌ಬಾಕ್ಸ್ ಒಳಗೆ ಹೋಗುತ್ತದೆ.

ಪೆಡಲ್ ಒತ್ತಿದಾಗ ಫೋರ್ಕ್ ಅನ್ನುವ ಕವಲಿನಂಥ ಸನ್ನೆ ಒಂದು ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಅದೇ ರಿಲೀಸ್ ಬೇರಿಂಗ್. ಅದು ಪ್ರೆಶರ್ ಪ್ಲೇಟಿನ ನಡುವೆ ಬೆರಳಿನ ಹಾಗೆ ಚಾಚಿರುವ ಪಟ್ಟಿಗಳನ್ನು, ಅಂದರೆ ಅದರ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಸಡಿಲವಾಗುತ್ತದೆ, ಪ್ಲೇಟ್ ಬಿಡುಗಡೆಯಾಗುತ್ತದೆ. ಇನ್ನೊಂದು ಸಣ್ಣ ಬೇರಿಂಗ್ ಇದೆ, ಪೈಲಟ್ ಬೇರಿಂಗ್ ಅಂತ. ಕೆಲವು ಗಾಡಿಯಲ್ಲಿ ಬೇರಿಂಗ್ ಬದಲು ಬುಷ್ ಇರುತ್ತದೆ. ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕ್ರ್ಯಾಂಕ್ ಶಾಫ್ಟಿನ, ಅಂದರೆ ಇಂಜಿನ್ನಿನ ಮುಖ್ಯ ಶಾಫ್ಟಿನ ತುದಿಯಲ್ಲಿ ಕೂರುವ ಜಾಗ ಅದು. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಬಹಳ ಜನ ಮರೆತೇಬಿಡುತ್ತಾರೆ.

ಸದ್ದು ಹಿಡಿಯುವುದು

ಮೊದಲು ಇಂಜಿನ್ ಬಂದ್ ಇಟ್ಟು ಪೆಡಲ್ ಒತ್ತಿ ನೋಡಿ. ಆಗಲೂ ಕೀಂಯ್ ಅಂದರೆ ಅದು ತಿರುಗುವ ಬೇರಿಂಗಿನ ರೋಗ ಅಲ್ಲ. ಪೆಡಲಿನ ಬುಷ್ ಅಥವಾ ಫೋರ್ಕ್ ಕೂರುವ ಗುಂಡಿ ಒಣಗಿರುತ್ತದೆ. ಗ್ರೀಸ್ ಕೇಳುತ್ತಿದೆ, ಅಷ್ಟೇ. ಇದನ್ನೇ ಬೇರಿಂಗ್ ಹೋಗಿದೆ ಅಂತ ತಿಳಿದು ಗೇರ್‌ಬಾಕ್ಸ್ ಇಳಿಸಿದವರೂ ಇದ್ದಾರೆ.

ಆಮೇಲೆ ಗಾಲಿಗೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ನ್ಯೂಟ್ರಲ್‌ನಲ್ಲಿ ಗಾಡಿ ಚಾಲೂ ಮಾಡಿ. ಕಾಲು ಪೆಡಲ್ ಮೇಲೆ ಬೇಡ. ಈಗ ಕ್ಲಚ್ ಪ್ಲೇಟ್ ತಿರುಗುತ್ತಿದೆ, ಗೇರ್‌ಬಾಕ್ಸ್ ಒಳಗಿನ ಮೊದಲ ಶಾಫ್ಟೂ ತಿರುಗುತ್ತಿದೆ. ಪೆಡಲಿಗೆ ಸರಿಯಾದ ಸಡಿಲು (ಹಗುರವಾಗಿ ಇಳಿಯುವ ಮೊದಲ ಸ್ವಲ್ಪ ದೂರ) ಇದ್ದರೆ ರಿಲೀಸ್ ಬೇರಿಂಗ್ ತಿರುಗದೆ ಸುಮ್ಮನೆ ಕೂತಿದೆ. ಈ ಹೊತ್ತಿನಲ್ಲಿ ಗುರ್ ಅನ್ನುವ ಸದ್ದು ಇದ್ದು, ಪೆಡಲ್ ಪೂರ್ತಿ ಒತ್ತಿದ ಕೂಡಲೇ ನಿಂತರೆ, ದೋಷ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು, ಇಲ್ಲಾ ಅದರ ಕೆಳಗೆ ಜೊತೆಯಲ್ಲೇ ತಿರುಗುವ ಶಾಫ್ಟಿನದು. ಕ್ಲಚ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಡೀಸೆಲ್ ಇಂಜಿನ್ ನಿಧಾನಕ್ಕೆ ಓಡುವಾಗ ಒಂದೊಂದು ಹೊಡೆತವೂ ಬೇರೆ ಬೇರೆ ಕೇಳುತ್ತದೆ. ಆ ಹೊಡೆತಕ್ಕೆ ಗೇರ್ ಹಲ್ಲುಗಳು ಒಂದಕ್ಕೊಂದು ಬಡಿದು ಕಟಕಟ ಅನ್ನುತ್ತವೆ. ಆಕ್ಸಿಲರೇಟರ್ ಒಂಚೂರು ಮುಟ್ಟಿ ಆರ್‌ಪಿಎಂ, ಅಂದರೆ ಇಂಜಿನ್ ತಿರುಗುವ ವೇಗ, ಸ್ವಲ್ಪ ಏರಿಸಿ. ಕಟಕಟ ಹೋದರೆ ಬಹುಪಾಲು ಅದು ಹಲ್ಲಿನ ಸದ್ದು, ಇಲ್ಲಾ ಪ್ಲೇಟಿನ ನಡುವಿನ ಸ್ಪ್ರಿಂಗ್ ಸಡಿಲ. ಐಡಲ್ (ಆಕ್ಸಿಲರೇಟರ್ ಮುಟ್ಟದಾಗ ಇಂಜಿನ್ ಓಡುವ ವೇಗ) ತೀರಾ ಕಡಿಮೆ ಇದ್ದರೆ ಅದನ್ನು ಮೊದಲು ಸರಿ ಮಾಡಿಸಿ. ಬೇರಿಂಗ್ ಹಾಳಾಗಿದ್ದರೆ ಆರ್‌ಪಿಎಂ ಏರಿದಂತೆ ಸದ್ದೂ ಏರುತ್ತದೆ, ಹೋಗುವುದಿಲ್ಲ.

ಈಗ ಪೆಡಲ್ ಮೇಲೆ ಕಾಲು ಇಡಿ. ಸುಮ್ಮನೆ ಇಡಿ, ಒತ್ತಬೇಡಿ. ಸಡಿಲು ಮುಗಿದು ಸ್ವಲ್ಪ ಗಟ್ಟಿ ಸಿಗುವ ತನಕ ಮಾತ್ರ. ಆ ಕ್ಷಣಕ್ಕೆ ರಿಲೀಸ್ ಬೇರಿಂಗ್ ಹೋಗಿ ಬೆರಳುಗಳಿಗೆ ತಾಗುತ್ತದೆ, ತಿರುಗಲು ಶುರುಮಾಡುತ್ತದೆ. ಆಗಲೇ ಹೊಸದಾಗಿ ಕರ್ ಅಂತ ಶುರುವಾಗಿ, ಒತ್ತಿದಷ್ಟೂ ಜಾಸ್ತಿಯಾದರೆ ರಿಲೀಸ್ ಬೇರಿಂಗ್ ಹೋಗಿದೆ. ಇದಕ್ಕೆ ಉಲ್ಟಾನೂ ಒಂದಿದೆ. ಕಾಲು ಇಟ್ಟ ಕೂಡಲೇ ಸದ್ದು ನಿಂತು, ತೆಗೆದ ಕೂಡಲೇ ಗಿಲಗಿಲ ಅಂದರೆ ಬೇರಿಂಗ್ ಅಥವಾ ಫೋರ್ಕ್ ಹಿಡಿದಿಡುವ ಕ್ಲಿಪ್ ಸಡಿಲವಾಗಿರಬಹುದು.

ಕೊನೆಗೆ ಪೆಡಲ್ ಪೂರ್ತಿ ಒತ್ತಿ, ಫಸ್ಟ್ ಗೇರ್ ಹಾಕಿ, ಪೆಡಲ್ ಬಿಡದೆ ನಿಲ್ಲಿ. ಈಗ ಗೇರ್‌ಬಾಕ್ಸ್ ಶಾಫ್ಟ್ ನಿಂತಿದೆ, ಇಂಜಿನ್ ತಿರುಗುತ್ತಿದೆ. ಎರಡರ ನಡುವೆ ಇರುವ ಪೈಲಟ್ ಬೇರಿಂಗ್ ದುಡಿಯುವುದು ಇಂಥ ಹೊತ್ತಿನಲ್ಲೇ. ಪೆಡಲ್ ಮುಟ್ಟಿದಾಗ ಇಲ್ಲದ ಸದ್ದು, ಪೂರ್ತಿ ಒತ್ತಿ ಗೇರ್ ಹಾಕಿದಾಗ ಮಾತ್ರ ಕೀಚಲು ದನಿಯಲ್ಲಿ ಬಂದರೆ ಅದನ್ನೇ ಅನುಮಾನಿಸಿ. ಎಷ್ಟೋ ಸಲ ರಿಲೀಸ್ ಬೇರಿಂಗ್ ಹೊಸದು ಹಾಕಿದ ಮೇಲೂ ಸದ್ದು ಹೋಗಲಿಲ್ಲ ಅನ್ನುವವರ ಗಾಡಿಯಲ್ಲಿ ಕಳ್ಳ ಇದೇ ಆಗಿರುತ್ತದೆ.

ಫೋರ್ ವೀಲ್ ಗಾಡಿಯಲ್ಲಿ ಇನ್ನೊಂದು ಅನುಕೂಲ ಇದೆ. ಸಾಮಾನ್ಯ ಗಾಡಿಗೆ ಇದು ಸಿಗುವುದಿಲ್ಲ. ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದರ ಲಿವರ್‌ಗೆ ನ್ಯೂಟ್ರಲ್ ಇದ್ದರೆ, ಅದನ್ನು ನ್ಯೂಟ್ರಲ್‌ಗೆ ಹಾಕಿ. ಗಾಲಿಗೆ ಕಲ್ಲು ಮರೆಯಬೇಡಿ, ಯಾಕಂದರೆ ಟ್ರಾನ್ಸ್‌ಫರ್ ನ್ಯೂಟ್ರಲ್ ಆದ ಮೇಲೆ ಗೇರ್ ಹಾಕಿಟ್ಟರೂ ಗಾಡಿ ನಿಲ್ಲುವುದಿಲ್ಲ, ಉರುಳುತ್ತದೆ. ಈಗ ಗಾಡಿ ನಿಂತಲ್ಲೇ ಇದ್ದು ಒಂದೊಂದೇ ಗೇರ್ ಹಾಕಿ ಗೇರ್‌ಬಾಕ್ಸನ್ನು ಪೂರ್ತಿ ತಿರುಗಿಸಿ ಕೇಳಬಹುದು. ಇಲ್ಲಿ ಸದ್ದು ಬಂದರೆ ಗೇರ್‌ಬಾಕ್ಸ್ ಕಡೆ ನೋಡಿ. ಇಲ್ಲಿ ಪೂರ್ತಿ ಶಾಂತ, ರಸ್ತೆಗೆ ಇಳಿದರೆ ಮಾತ್ರ ಗೋಂ ಅನ್ನುತ್ತದೆ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಶಾಫ್ಟ್) ಕ್ರಾಸ್ ಕೀಲು, ಡಿಫರೆನ್ಷಿಯಲ್ (ತಿರುವಿನಲ್ಲಿ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್), ಗಾಲಿಯ ಬೇರಿಂಗ್ ಕಡೆ ಹೋಗಿ. ಒಂದು ಮಾತು ನೆನಪಿರಲಿ: ನಿಂತಲ್ಲಿ ಲೋಡ್ ಇರುವುದಿಲ್ಲ, ಸಣ್ಣ ಸದ್ದು ಅಡಗಿರಬಹುದು.

ಜಾರುವುದು ಬೇರೆಯೇ ಕತೆ

ಕ್ಲಚ್ ಜಾರಿದರೆ ಸದ್ದು ಇರಲೇಬೇಕು ಅಂತೇನಿಲ್ಲ. ಇಂಜಿನ್ ಓಡುತ್ತದೆ, ಗಾಡಿ ಓಡುವುದಿಲ್ಲ, ಅಷ್ಟೇ. ಇದು ಮೊದಲು ಕಾಣುವುದು ಟಾಪ್ ಗೇರಿನಲ್ಲಿ, ಲೋಡ್ ಇದ್ದಾಗ, ಏರಿನಲ್ಲಿ. ಡೀಸೆಲ್ ಇಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಜೋರಾಗಿ ಎಳೆಯುತ್ತದೆ. ಹಾಗಾಗಿ ಸುಸ್ತಾದ ಕ್ಲಚ್ ಅಲ್ಲೇ ಸೋಲುತ್ತದೆ.

ಪರೀಕ್ಷೆ ಸುಲಭ. ಖಾಲಿ ರಸ್ತೆ ನೋಡಿಕೊಳ್ಳಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಟಾಪ್ ಗೇರ್ ಹಾಕಿ, ಆಕ್ಸಿಲರೇಟರ್ ಒಮ್ಮೆಗೇ ಒತ್ತಿ. ಇಂಜಿನ್ ಸದ್ದೂ ವೇಗವೂ ಜೊತೆಜೊತೆಯಾಗಿ ನಿಧಾನಕ್ಕೆ ಏರಿದರೆ ಕ್ಲಚ್ ಚೆನ್ನಾಗಿದೆ. ಇಂಜಿನ್ ತಟ್ಟನೆ ಮೇಲೆ ಹಾರಿ ವೇಗ ಹಿಂದೆ ಉಳಿದರೆ ಜಾರುತ್ತಿದೆ. ಇಂಜಿನ್ ಏರುವುದೂ ಇಲ್ಲ, ಬರೀ ಕರಿ ಹೊಗೆ ಬಿಟ್ಟು ಏದುಸಿರು ಬಿಡುತ್ತದೆ ಅಂದರೆ ಕ್ಲಚ್ ಬಿಡಿ, ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. "ಗಾಡಿ ಎಳೀವಲ್ದು" ಅನ್ನುವ ಒಂದೇ ಮಾತಿನ ಹಿಂದೆ ಈ ಎರಡೂ ಇರುತ್ತವೆ. ಈ ಪರೀಕ್ಷೆ ಒಮ್ಮೆ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದ ಲೈನಿಂಗೂ ಸುಡುತ್ತದೆ, ನಮ್ಮ ಮೇ ತಿಂಗಳ ಬಿಸಿಲಲ್ಲಂತೂ ಕೇಳುವುದೇ ಬೇಡ.

ಈಗ ಯಾಕೆ ಜಾರುತ್ತಿದೆ ಅನ್ನೋದು. ಜನ ನೇರವಾಗಿ ಪ್ಲೇಟಿಗೆ ಹೋಗುತ್ತಾರೆ. ನಾನು ಹೇಳೋದು, ಪೆಡಲಿನಿಂದ ಶುರು ಮಾಡಿ. ಕಾಲಿನಿಂದ ಅಲ್ಲ, ಕೈಯಿಂದ ಒತ್ತಿ. ಕಾಲಿಗೆ ಗೊತ್ತಾಗದ್ದು ಕೈಗೆ ಗೊತ್ತಾಗುತ್ತದೆ. ಕೇಬಲ್ ಅಥವಾ ರಾಡ್ ಇರುವ ಗಾಡಿಗಳಲ್ಲಿ ಮೊದಲ 15ರಿಂದ 25 ಮಿಲಿಮೀಟರ್ ಪೆಡಲ್ ಹಗುರವಾಗಿ ಇಳಿಯಬೇಕು, ಸುಮಾರು ಹೆಬ್ಬೆರಳ ಅಗಲ. ನಿಖರ ಅಳತೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಆ ಸಡಿಲು ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಯಾವಾಗಲೂ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ. ನೀವು ಕಾಲು ಎತ್ತಿದ್ದರೂ ಗಾಡಿಯ ಲೆಕ್ಕಕ್ಕೆ ಕ್ಲಚ್ ಅರ್ಧ ಒತ್ತಿದ ಹಾಗೆ. ಪ್ಲೇಟೂ ಜಾರುತ್ತದೆ, ಬೇರಿಂಗೂ ಬೇಗ ಸಾಯುತ್ತದೆ.

ಇದು ಹೇಗೆ ಆಗುತ್ತದೆ ಅಂದರೆ, ಲೈನಿಂಗ್ ಸವೆದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆ ಸರಿಯುತ್ತದೆ, ಅದರ ಬೆರಳುಗಳು ಬೇರಿಂಗ್ ಕಡೆ ಬರುತ್ತವೆ. ಹೀಗೆ ಸಡಿಲು ತಾನಾಗಿಯೇ ಕರಗುತ್ತಾ ಹೋಗುತ್ತದೆ. ಯಾರೂ ಅಡ್ಜಸ್ಟ್ ಮಾಡದಿದ್ದರೆ ಒಂದು ದಿನ ಪೂರ್ತಿ ಮುಗಿಯುತ್ತದೆ. ಗಾಡಿ ಮುಂದಕ್ಕೆ ಹೊರಡುವ ಜಾಗ ಪೆಡಲಿನ ತೀರಾ ಮೇಲಕ್ಕೆ ಬಂದಿದ್ದರೆ ಅದೇ ಗುರುತು. ಒಂದು ನಟ್ ತಿರುಗಿಸುವ ಕೆಲಸ ಇದು. ಲೈನಿಂಗ್ ಇನ್ನೂ ಇದ್ದರೆ ಜಾರುವುದು ಅಲ್ಲಿಗೇ ನಿಲ್ಲುತ್ತದೆ.

ಹೈಡ್ರಾಲಿಕ್ ಕ್ಲಚ್ ಇದ್ದರೆ ಇನ್ನೊಂದು ತಂತ್ರ. ಇದರಲ್ಲಿ ಪೆಡಲಿನ ಒತ್ತಡ ಆಯಿಲ್ ಮೂಲಕ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನಿಂದ ಫೋರ್ಕ್ ಕಡೆಯ ಸ್ಲೇವ್ ಸಿಲಿಂಡರಿಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನ ರಬ್ಬರ್ ಉಬ್ಬಿ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡರೆ ಪೈಪಿನಲ್ಲಿ ಒತ್ತಡ ಉಳಿದುಬಿಡುತ್ತದೆ. ಬಿಸಿ ಏರಿದಂತೆ ಇನ್ನೂ ಜಾಸ್ತಿ. ಬೆಳಿಗ್ಗೆ ಚೆನ್ನಾಗಿದ್ದ ಗಾಡಿ ಮಧ್ಯಾಹ್ನ ಜಾರಲು ಶುರುಮಾಡಿದರೆ ಇದನ್ನು ಅನುಮಾನಿಸಿ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ (ಒಳಗಿನ ಗಾಳಿ ಬಿಡಲು ಇರುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಪುಸಕ್ಕಂತ ಚಿಮ್ಮಿ, ಬಿಗಿ ಮಾಡಿದ ಮೇಲೆ ಗಾಡಿ ಎಳೆದರೆ ಪ್ಲೇಟ್ ನಿರಪರಾಧಿ. ಆ ಆಯಿಲ್ ಪೇಂಟ್ ಕಿತ್ತುಹಾಕುತ್ತದೆ, ಕೈಗೂ ಒಳ್ಳೆಯದಲ್ಲ. ಬಟ್ಟೆ ಹಿಡಿದುಕೊಳ್ಳಿ.

ಮೂರನೆಯದು ನಮ್ಮ ಜೀಪಿಗೆ ಆಗಿದ್ದು. ಚಾಚಾ ಗಾಡಿಯನ್ನು ರಾತ್ರಿ ಅಂಗಳದಲ್ಲೇ ಬಿಡಿಸಿದರು. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಒಂದು ಚಪ್ಪಡಿಯನ್ನು ನೀರು ಹಾಕಿ ತಿಕ್ಕಿಸಿ, ಒರೆಸಿಸಿ, ಅದರ ಮೇಲೇ ಬರುವ ಹಾಗೆ ಗಾಡಿ ನಿಲ್ಲಿಸಿದರು. ಬೆಳಿಗ್ಗೆ ಬಗ್ಗಿ ನೋಡಿದರೆ ಬೂದು ಕಲ್ಲಿನ ಮೇಲೆ ಎರಡು ಹನಿ. ಎರಡೂ ಒಂದೇ ಜಾಗ, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಬೆಲ್ ಹೌಸಿಂಗಿನ ಕೆಳಗಿನ ತೂತಿನ ನೇರಕ್ಕೆ. ಚಾಚಾ ಒಂದು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿದರು, ಮೂಸಿದರು, ನನ್ನ ಮೂಗಿಗೂ ಹಿಡಿದರು. ಕಾಡಿಗೆಯಷ್ಟು ಕಪ್ಪು. ತೆಳು. "ಇದು ಇಂಜಿನ್ ಆಯಿಲ್ ನೋಡ್ರಿ. ಗೇರ್ ಆಯಿಲ್ ಇಷ್ಟ ಕರ್ರಗಿರಂಗಿಲ್ಲ. ದಪ್ಪ ಇರ್ತದ, ವಾಸನಿ ಮೂಗಿಗಿ ಹೊಡಿತದ."

ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಹೋಗಿತ್ತು. ಅಲ್ಲಿಂದ ಹನಿ ಹನಿಯಾಗಿ ಇಳಿದ ಆಯಿಲ್ ಫ್ಲೈವೀಲ್ ತಿರುಗಿದಾಗ ಸಿಡಿದು ಪ್ಲೇಟಿಗೆ ಹತ್ತುತ್ತಿತ್ತು. ಮೊದಲ ಸಲ ತೆಗೆದ ಹಳೇ ಪ್ಲೇಟ್ ಇನ್ನೂ ಮನೆಯಲ್ಲೇ ಬಿದ್ದಿತ್ತು. ತಂದು ತೋರಿಸಿದೆ. ಲೈನಿಂಗ್ ದಪ್ಪ ಚೆನ್ನಾಗಿಯೇ ಇತ್ತು, ರಿವೆಟ್‌ಗಳು ಆಳದಲ್ಲಿದ್ದವು. ಮುಖ ಮಾತ್ರ ಗಾಜಿನ ಹಾಗೆ ಹೊಳೆಯುತ್ತಿತ್ತು, ಅಂಚಿಗೆ ಕಪ್ಪು ಅಂಟು. ಪ್ಲೇಟ್ ಸವೆದೇ ಇರಲಿಲ್ಲ, ಆಯಿಲ್ ಕುಡಿದಿತ್ತು. ಅವತ್ತು ಅದನ್ನು ತಿರುಗಿಸಿ ನೋಡಿದ್ದರೆ ಎರಡನೇ ಸಲದ ಖರ್ಚೇ ಇರುತ್ತಿರಲಿಲ್ಲ. ಅಪ್ಪ ಆ ಪ್ಲೇಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಆಯಿಲ್ ಹತ್ತಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆಯಿಲ್ ಲೈನಿಂಗಿನ ಒಳಗೆ ಇಳಿದಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ.

ಫೋರ್ ವೀಲ್ ಗಾಡಿ ಮಾಡುವ ಮೋಸಗಳು

ನಮ್ಮ ಎರೆ ಹೊಲದ ಮಳೆಗಾಲ ಗೊತ್ತಲ್ಲ. ಎರಡು ಮಳೆಗೆ ಮಣ್ಣು ಬೆಣ್ಣೆಯ ಹಾಗೆ ಆಗುತ್ತದೆ, ಗಾಲಿಗೆ ಮೆತ್ತಿಕೊಂಡು ಟೈರಿನ ಹಲ್ಲೇ ಕಾಣುವುದಿಲ್ಲ. ಅಲ್ಲಿ ಇಂಜಿನ್ ಕೂಗಿ ಗಾಡಿ ಕದಲದಿದ್ದರೆ ಕ್ಲಚ್ ಹೋಯಿತು ಅಂತ ಗಾಬರಿ ಬೇಡ. ಒಬ್ಬರು ಕೆಳಗಿಳಿದು ದೂರ ನಿಂತು ಗಾಲಿ ನೋಡಿ. ಯಾವುದೇ ಗಾಲಿ ತಿರುಗುತ್ತಿದ್ದರೆ ಕ್ಲಚ್ ಹಿಡಿಯುತ್ತಿದೆ, ಜಾರುತ್ತಿರುವುದು ಟೈರು. ಮುಂದಿನ ಗಾಲಿಗಳು ಸುಮ್ಮನಿದ್ದರೆ ಗಾಲಿಯನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಆಗಿಲ್ಲ, ಇಲ್ಲಾ ಲಿವರ್ ಪೂರ್ತಿ ಕೂತಿಲ್ಲ. ಗಾಲಿ ಯಾವುದೂ ತಿರುಗದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ನೋಡಿ. ಅದಕ್ಕೆ ಮೊದಲೇ ಒಂದು ಸುಣ್ಣದ ಗೆರೆ ಎಳೆದಿದ್ದರೆ ದೂರದಿಂದಲೇ ಕಾಣುತ್ತದೆ. ಶಾಫ್ಟ್ ತಿರುಗಿಯೂ ಗಾಲಿ ತಿರುಗದಿದ್ದರೆ ಆಕ್ಸಲ್ ಮುರಿದಿರಬಹುದು. ಶಾಫ್ಟೂ ತಿರುಗದಿದ್ದರೆ ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ಗೆ ಜಾರಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಕ್ಲಚ್ ಕಡೆ ಬನ್ನಿ. ಓಡುವ ಗಾಡಿಯ ಕೆಳಗೆ ಮಾತ್ರ ಯಾವತ್ತೂ ತಲೆ ಹಾಕಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಹಾಕಿದರೆ ಕ್ಲಚ್ಚಿಗೆ ಪೆಟ್ಟು ಅಂತ ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ, ಹೈ ಗೇರಿನಲ್ಲೇ ಹಾಫ್ ಕ್ಲಚ್ ಹಿಡಿದು ಕೆಸರಿನಿಂದ ಎಬ್ಬಿಸಲು ನೋಡುತ್ತಾರೆ. ನಿಜ ಇದಕ್ಕೆ ಪೂರ್ತಿ ಉಲ್ಟಾ. ಬಲ ಹೆಚ್ಚಿಸುವ ಕೆಲಸ ಟ್ರಾನ್ಸ್‌ಫರ್ ಕೇಸ್ ಮಾಡುತ್ತದೆ, ಅದು ಇರುವುದು ಕ್ಲಚ್ಚಿನ ಆಚೆ. ಹಳೇ ಜೀಪುಗಳಲ್ಲಿ ಲೋ ಗೇರ್ ಸುಮಾರು ಎರಡೂವರೆ ಪಟ್ಟು ಬಲ ಕೊಡುತ್ತದೆ. ಅಷ್ಟರಮಟ್ಟಿಗೆ ಕ್ಲಚ್ಚಿನ ಭಾರ ಇಳಿಯುತ್ತದೆ. ಕ್ಲಚ್ ಸುಡುವುದು ಹಾಫ್ ಕ್ಲಚ್ಚಿನಿಂದ, ಲೋ ಗೇರಿನಿಂದ ಅಲ್ಲ. ಲೋ ಗೇರಿನಲ್ಲೂ ಗಟ್ಟಿ ನೆಲದಲ್ಲಿ ಜಾರುತ್ತಿದ್ದರೆ ಮಾತ್ರ ಆ ಕ್ಲಚ್ಚಿನ ಕತೆ ಮುಗಿದಿದೆ.

ಡಾಂಬರ್ ರಸ್ತೆಗೆ ಬಂದ ಮೇಲೂ ಫೋರ್ ವೀಲ್ ತೆಗೆಯಲು ಮರೆತರೆ ತಿರುವಿನಲ್ಲಿ ಗಾಡಿ ಹಿಡಿದಿಟ್ಟ ಹಾಗೆ ಬಿಗಿಯುತ್ತದೆ. ಹಳೇ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಇದೂ ಕ್ಲಚ್ ದೋಷದ ಹಾಗೆ ಅನ್ನಿಸುತ್ತದೆ. ಕಂಪನಿಯದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಕ್ಲಚ್ ಮೇಲೆ ಭಾರ ನಿಜವಾಗಿಯೂ ಹೆಚ್ಚುತ್ತದೆ, ಬೇಗ ಜಾರುತ್ತದೆ.

ಇಳಿಸಲೇಬೇಕಾದಾಗ

ಫೋರ್ ವೀಲ್ ಜೀಪಿನಲ್ಲಿ ಗೇರ್‌ಬಾಕ್ಸ್ ಇಳಿಸುವುದು ಸಣ್ಣ ಕೆಲಸ ಅಲ್ಲ. ಎರಡು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಟ್ರಾನ್ಸ್‌ಫರ್ ಕೇಸೂ ಸೇರಿ ಭಾರ ಜಾಸ್ತಿ. ಹಾಗಾಗಿ ಒಮ್ಮೆ ಇಳಿಸಿದರೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಸೀಲ್ ಮತ್ತು ಪೈಲಟ್ ಬೇರಿಂಗಿನ ಬೆಲೆ ಮತ್ತೊಮ್ಮೆ ಇಳಿಸುವ ಕೂಲಿಯ ಮುಂದೆ ಏನೇನೂ ಅಲ್ಲ. ಫ್ಲೈವೀಲ್ ಮುಖದ ಮೇಲೆ ನೀಲಿ ಕಲೆ, ಕೂದಲೆಳೆಯ ಸೀಳು ಕಂಡರೆ ಲೇತ್‌ಗೆ ಕಳಿಸಿ ನೋಡಿಸಿ. ಆ ಕಲೆ ಬಿಟ್ಟರೆ ಹೊಸ ಪ್ಲೇಟ್ ಹಾಕಿದರೂ ಗಾಡಿ ಹೊರಡುವಾಗ ಗಡಗಡ ಅದುರುತ್ತದೆ. ಫೋರ್ಕ್ ಹೊರಗೆ ಬರುವ ಜಾಗದ ರಬ್ಬರ್ ಹರಿದಿದ್ದರೆ ಅದನ್ನೂ ಹಾಕಿಸಿ, ಇಲ್ಲಾಂದರೆ ಮುಂದಿನ ಮಳೆಗೆ ಎರೆ ಮಣ್ಣು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಬೆಲ್ ಹೌಸಿಂಗ್ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೆಲಸ ಮಾಡುವ ಹುಡುಗರಿಗೆ ಇದನ್ನು ಹೇಳುವವರು ಕಡಿಮೆ. ನೀವು ನಿಂತು ಹೇಳಿ.

ಹೊಸ ಪ್ಲೇಟ್ ಕೂತ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಹಾಕಬೇಡಿ, ಟ್ರಾಲಿ ಎಳೆಸಬೇಡಿ. ಲೈನಿಂಗಿನ ಮುಖ ಫ್ಲೈವೀಲಿಗೆ ಹೊಂದಿಕೊಳ್ಳಲು ಅಷ್ಟು ಬೇಕು. ಆಮೇಲೆ ಪೆಡಲಿನ ಸಡಿಲನ್ನು ಇನ್ನೊಮ್ಮೆ ಕೈಯಿಂದ ನೋಡಿ.

ನಮ್ಮ ಜೀಪಿಗೆ ಸೀಲ್ ಹಾಕಿಸಿದ ಮರುದಿನ ಬೆಳಿಗ್ಗೆ ಅಪ್ಪ ಚಹಾ ಕುಡಿಯುವ ಮೊದಲೇ ಅಂಗಳಕ್ಕೆ ಹೋಗಿ, ಗಾಡಿಯ ಕೆಳಗೆ ಬಗ್ಗಿ, ಆ ಚಪ್ಪಡಿಯ ಮೇಲೆ ಅಂಗೈ ಆಡಿಸಿದರು. ಕೈ ಒಣಗಿತ್ತು. ಮುಂದಿನ ಒಂದು ವಾರ ದಿನಾ ಹಾಗೆ ನೋಡಿದರು.